ಮೈಗಳ್ಳಿ

ಶಿವಗಂಗಾಗೆ ಕೆಲಸದ ಭಯವಿರಲಿಲ್ಲ. ಕೆಲಸ ಶುರು ಮಾಡುವ ಹೊತ್ತಿನ ಭಯವಿತ್ತು.

ಹೈದರಾಬಾದಿನ ನಾರಾಯಣಗೂಡದ ಗಲ್ಲಿಯೊಂದರಲ್ಲಿ, ಕೋಚಿಂಗಿಗೆಂದು ಊರೂರಿನಿಂದ ಬರುವ ಹುಡುಗಿಯರಿಗೆ ಹಾಸ್ಟೆಲ್ ಕಟ್ಟುತ್ತಿದ್ದರು. ಮೂರು ಅಂತಸ್ತು ಎದ್ದು ನಾಲ್ಕನೆಯದರ ಕಂಬಗಳು ನಿಂತಿದ್ದವು. ಬೆಳಿಗ್ಗೆ ಹೆಂಗಸರು ತಲೆಯ ಮೇಲೆ ಸಿಂಬಿ ಇಟ್ಟು, ಕಲಸಿದ ಸಿಮೆಂಟಿನ ಬುಟ್ಟಿ ಹೊತ್ತು, ಒಬ್ಬರ ಹಿಂದೊಬ್ಬರು ಮೆಟ್ಟಿಲು ಹತ್ತುವರು. ಶಿವಗಂಗಾ ಮೊದಲ ಅಂತಸ್ತು ಮುಟ್ಟುವಷ್ಟರಲ್ಲಿ ಗೋಡೆ ಹಿಡಿಯುವಳು. ತೊಡೆ ಎರಡೂ ಕಲ್ಲಾಗಿ, ಎದೆ ಬಡಿದುಕೊಂಡು, ಮುಂದಿನ ಮೆಟ್ಟಿಲಿಗೆ ಕಾಲೆತ್ತಬೇಕೆಂದರೆ ಕಾಲು ಮಾತೇ ಕೇಳುತ್ತಿರಲಿಲ್ಲ. ಹಿಂದಿದ್ದವರು "ದಾರಿ ಬಿಡು ಯವ್ವಾ" ಎನ್ನುತ್ತ ಪಕ್ಕದಿಂದ ಹತ್ತಿ ಹೋಗುವರು. ಆ ಸಾಲಿನಲ್ಲಿ ಅವಳ ಅತ್ತೆ ಅನ್ನಮ್ಮನೂ ಇರುತ್ತಿದ್ದಳು. ಐವತ್ತು ದಾಟಿದ ಅನ್ನಮ್ಮ ಬುಟ್ಟಿಗೆ ಕೈ ಕೂಡ ಹಚ್ಚದೆ ಸರಸರ ಹತ್ತುವಳು. ಸೊಸೆಯ ಮುಖ ನೋಡದೆ ದಾಟುವಳು.

ಕೆಳಗಿನಿಂದ ಮೇಸ್ತ್ರಿ ವೈಜನಾಥನ ದನಿ ಬರುತ್ತಿತ್ತು. ಬೀದರ ಕಡೆಯವನು. ಬೈಯುವಾಗಲೂ ನಗುತ್ತಲೇ ಬೈಯುವವನು.

"ಏನವಾ ಶಿವಗಂಗಾ, ಗ್ವಾಡಿಗಿ ಹೆಗಲು ಕೊಟ್ಟು ನಿಂತೀಯೇನು? ನೀ ಸರದ್ರ ಬಿಲ್ಡಿಂಗ್ ಬೀಳ್ತದೇನು?"

ಎಲ್ಲರೂ ನಗುವರು. ಅವಳೂ ನಗಲು ನೋಡುವಳು. ಒಂದಿಷ್ಟು ಹೊತ್ತು ಕೂತು, ಎದ್ದು, ಮತ್ತೆ ನಾಲ್ಕು ಮೆಟ್ಟಿಲು ಹತ್ತಿ, ಮತ್ತೆ ನಿಂತು, ಹೀಗೆ ಎಳೆದಾಡುತ್ತಿರುವಾಗ ಯಾವುದೋ ಒಂದು ಗಳಿಗೆಯಲ್ಲಿ ಮೈ ಹದಕ್ಕೆ ಬರುತ್ತಿತ್ತು. ಹಾಗೆಂದು ಅವಳೇ ಇಟ್ಟುಕೊಂಡ ಹೆಸರು ಅದು. ಕಾಲಿನ ಬಿಗಿ ಸಡಿಲುವುದು, ಎದೆಬಡಿತ ಇಳಿಯುವುದು. ಆಮೇಲೆ ಅವಳೂ ಉಳಿದವರ ಹಾಗೆಯೇ ಹತ್ತಿ ಇಳಿಯುವಳು. ಆದರೆ ಅವಳ ಮೇಲಿನ ಅಪವಾದಕ್ಕೆ ಅದೇ ಸಾಕ್ಷಿಯಾಗುತ್ತಿತ್ತು.

"ನೋಡ್ರಿ, ಈಗ ಹೆಂಗ ಬಂತು ತಾಕತ್ತು! ಮುಂಜಾನೆ ಎಲ್ಲಿ ಮಲಗಿತ್ತು?" ಎನ್ನುವನು ವೈಜನಾಥ. "ಮೈಗಳ್ಳಿ ಅದಾಳ ಈಕಿ, ಖರೇ ಮೈಗಳ್ಳಿ."

ಇಡೀ ದಿನ ಕೈಲಾಗದೆ ಇದ್ದಿದ್ದರೆ ಜನ ಕಾಯಿಲೆ ಎನ್ನುತ್ತಿದ್ದರು. ಮೊದಲು ಆಗದೆ ಆಮೇಲೆ ಆಗುವುದಕ್ಕೆ ಕಳ್ಳಾಟ ಎನ್ನದೆ ಮತ್ತೇನೆನ್ನುತ್ತಾರೆ?

ಸುರಪುರದ ಕಡೆಯ ಹಳ್ಳಿಯಲ್ಲಿ ಹುಡುಗಿಯಾಗಿದ್ದಾಗಲೇ ಈ ಹೆಸರು ಅವಳಿಗೆ ಅಂಟಿತ್ತು. ಶಾಲೆಯಲ್ಲಿ ಓಟದ ಪಂದ್ಯವೆಂದರೆ ಅರ್ಧಕ್ಕೇ ಕುಕ್ಕರಿಸುತ್ತಿದ್ದಳು. ಕೊಡ ಹೊತ್ತು ಬಾವಿಯಿಂದ ದಿಬ್ಬ ಹತ್ತುವಾಗ ಅವ್ವ ಹಿಂದಿನಿಂದ ಬೆನ್ನಿಗೆ ಗುದ್ದುತ್ತಿದ್ದಳು. ಆದರೂ ಊರಿನಲ್ಲಿ ಹೇಗೋ ನಡೆಯಿತು. ಹೊಲ ದೂರ, ದಾರಿ ಸಮತಟ್ಟು. ಎಲ್ಲರಿಗಿಂತ ಮುಂಚೆ ಎದ್ದು ನಿಧಾನಕ್ಕೆ ನಡೆದರೆ ಹೊಲ ಮುಟ್ಟುವುದರೊಳಗೆ ಮೈ ಹದಕ್ಕೆ ಬಂದಿರುತ್ತಿತ್ತು. ಮದುವೆಯಾದದ್ದು ಸೋದರತ್ತೆ ಅನ್ನಮ್ಮನ ಮಗ ಹುಲಗೇಶನನ್ನು. ಅವನು ಹೈದರಾಬಾದಿನಲ್ಲಿ ಸ್ಲ್ಯಾಬಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸಕ್ಕಿದ್ದ. ಸನತ್‌ನಗರದಲ್ಲಿ ಕಾರ್ಖಾನೆಯೊಂದರ ಹಿಂದೆ, ಕೂಲಿಯವರ ಸಾಲುಮನೆಯ ಒಂದು ಕೋಣೆಯಲ್ಲಿ ತಾಯಿ ಮಗ ಇದ್ದರು. ಅವಳು ಮೂರನೆಯವಳಾಗಿ ಬಂದಳು. ಈ ಊರಿನಲ್ಲಿ ಸಮತಟ್ಟಾದ ಕೆಲಸವೇ ಇರಲಿಲ್ಲ. ಎಲ್ಲ ಮೆಟ್ಟಿಲೇ, ಎಲ್ಲ ಮೇಲೆಯೇ.

ಗಂಡನಿಗೆ ಒಮ್ಮೆ ಬಿಡಿಸಿ ಹೇಳಲು ನೋಡಿದ್ದಳು.

"ಮೊದಲಿಗೆ ಆಗಂಗಿಲ್ರೀ. ಕಾಲು ಹಿಡಕೊಂಡುಬಿಡ್ತಾವ. ಆಮ್ಯಾಲ ತಾನ ಬಿಡ್ತಾವ."

ಹುಲಗೇಶ ಕೆಟ್ಟವನಲ್ಲ. ಕೇಳಿಸಿಕೊಂಡ. ಕೇಳಿಸಿಕೊಂಡು, "ಯಾರಿಗೆ ಮೊದಲಿಗೆ ಆಗತೈತಿ ಗಂಗಾ? ನನಗೂ ಮುಂಜಾನೆ ಮೈಯೆಲ್ಲಾ ನೋವು ಇರತೈತಿ. ಹಂಗ ದಬ್ಬಿಕೊಂಡು ಹೋಗಬೇಕು" ಎಂದ.

ಎಲ್ಲರಿಗೂ ಹೀಗೇ ಇರಬಹುದು, ತಾನೊಬ್ಬಳೇ ತಾಳಲಾರದವಳು ಎಂದು ಅವಳಿಗೂ ಅನ್ನಿಸುತ್ತಿತ್ತು. ಇನ್ನೊಬ್ಬರ ಕಾಲಿನೊಳಗೆ ಹೊಕ್ಕು ನೋಡಲು ಬರುವುದಿಲ್ಲವಲ್ಲ. ಸನತ್‌ನಗರದ ಕ್ಲಿನಿಕ್ಕಿನಲ್ಲಿ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಎಂದು ಗುಳಿಗೆ ಕೊಟ್ಟಿದ್ದರು. ಗುಳಿಗೆ ನುಂಗಿದಳು. ಮೆಟ್ಟಿಲು ಹಾಗೆಯೇ ಇದ್ದವು.

ನಾಲ್ಕನೇ ಅಂತಸ್ತಿನ ಸ್ಲ್ಯಾಬ್ ಹಾಕುವ ದಿನ, ಅದಕ್ಕೆಂದೇ ತರಿಸಿದ್ದ ಸಾಮಾನು ಎತ್ತುವ ಲಿಫ್ಟು ಕೆಟ್ಟಿತು. ಬೆಳಿಗ್ಗೆ ಬಂದು ನೋಡಿದರೆ ಮೋಟರು ಹೊಗೆ ಬಿಟ್ಟು ಸುಮ್ಮನಾಗಿತ್ತು. ಜಲ್ಲಿ, ಮರಳು, ಸಿಮೆಂಟು ಎಲ್ಲ ಬಂದು ಬಿದ್ದಿತ್ತು. ಮೇಲೆ ಕಬ್ಬಿಣ ಕಟ್ಟಿ ಆಗಿತ್ತು. ಸ್ಲ್ಯಾಬ್ ಶುರುವಾದರೆ ನಡುವೆ ನಿಲ್ಲಿಸುವಂತಿಲ್ಲ. ವೈಜನಾಥ ಫೋನಿನಲ್ಲಿ ಯಾರಿಗೋ ತೆಲುಗಿನಲ್ಲಿ ಕೂಗಾಡಿ, ಫೋನು ಜೇಬಿಗಿಟ್ಟು, "ಸಾಲು ನಿಂದ್ರಸ್ರಿ. ಕೈಯಿಂದ ಕೈಗಿ ಕೊಟ್ಟು ಕಳಸೋಣು" ಎಂದ.

ನೆಲದಿಂದ ತುದಿಯವರೆಗೆ ಮೆಟ್ಟಿಲುದ್ದಕ್ಕೂ ಆಳು ನಿಂತರು. ಕೆಳಗಿನವರು ತುಂಬಿದ ಬುಟ್ಟಿ ಕೊಡಬೇಕು, ಮೇಲಿನವರು ಇಸಿದುಕೊಂಡು ಮುಂದಕ್ಕೆ ದಾಟಿಸಬೇಕು. ಖಾಲಿ ಬುಟ್ಟಿಗಳನ್ನು ಹೊರಗಿನಿಂದ ಕೆಳಕ್ಕೆ ಎಸೆಯುವರು. ಶಿವಗಂಗಾಳ ಜಾಗ ಎರಡನೇ ಅಂತಸ್ತಿನ ತಿರುವಿನಲ್ಲಿ ಬಂತು. ಅವಳ ಮೇಲಿನ ಮೆಟ್ಟಿಲಲ್ಲಿ ಅನ್ನಮ್ಮ; ಕೆಳಗೆ ರಾಯಚೂರಿನ ಶರಣಬಸಮ್ಮ.

ಶಿವಗಂಗಾ ಮೇಸ್ತ್ರಿಯ ಹತ್ತಿರ ಹೋಗಿ ನಿಂತಳು.

"ಅಣ್ಣಾರ, ನಾ ಬರಿಗೈಲೆ ಎರಡು ಸಲ ಹತ್ತಿ ಇಳದು ಬರ್ತೀನ್ರಿ. ಮೈ ಹದಕ್ಕ ಬರತೈತಿ. ಆಮ್ಯಾಲ ಸಾಲಿನಾಗ ನಿಂದ್ರತೀನಿ."

"ಮೈ ಹದಕ್ಕ ತರಾಕ ನೀ ಏನ್ ಕುಸ್ತಿ ಆಡಾಕ ಬಂದೀಯೇನು?" ವೈಜನಾಥನ ನಗು ಅಂದು ಇರಲಿಲ್ಲ. "ಮಿಕ್ಸರ್ ತಿರಗಾಕತ್ಯದ. ಹೋಗು ನಿಂದ್ರು."

ಅನ್ನಮ್ಮ ಮೇಲಿನಿಂದಲೇ, "ಮರ್ಯಾದಿ ಕಳೀಬ್ಯಾಡ ಬಾರವಾ" ಎಂದಳು.

ಮೊದಮೊದಲ ಬುಟ್ಟಿಗಳು ದಾಟಿದವು. ಬಗ್ಗಿ ಇಸಿದುಕೊಳ್ಳಬೇಕು, ಸೊಂಟ ತಿರುಗಿಸಬೇಕು, ಎತ್ತಿ ಕೊಡಬೇಕು. ತಲೆಯ ಮೇಲೆ ಹೊರುವಾಗ ಭಾರ ಕತ್ತಿಗೆ, ಬೆನ್ನಿಗೆ ಹಂಚಿ ಹೋಗುತ್ತದೆ. ಇಲ್ಲಿ ಪೂರಾ ತೋಳಿನ ಮೇಲೆ, ಬೆರಳುಗಳ ಮೇಲೆ. ಸ್ವಲ್ಪ ಹೊತ್ತಿಗೆಲ್ಲ ಮೊಣಕೈಯಿಂದ ಕೆಳಗೆ ಬಿಗಿ ಶುರುವಾಯಿತು. ಹೆಂಗಸರು ಹಾಡು ಎತ್ತಿದ್ದರು. ಅದರ ಲಯಕ್ಕೆ ಬುಟ್ಟಿಗಳು ಬರುತ್ತಿದ್ದವು. ಒಂದನ್ನು ಕೊಟ್ಟು ತಿರುಗುವಷ್ಟರಲ್ಲಿ ಇನ್ನೊಂದು ಹೊಟ್ಟೆಯ ಮುಂದೆ ಬಂದು ನಿಂತಿರುತ್ತಿತ್ತು. ಮೆಟ್ಟಿಲಿನಲ್ಲಾದರೆ ಪಕ್ಕಕ್ಕೆ ಸರಿದು ಗೋಡೆ ಹಿಡಿಯಬಹುದಿತ್ತು, ಉಳಿದವರು ದಾಟಿ ಹೋಗುತ್ತಿದ್ದರು. ಸಾಲಿನಲ್ಲಿ ಸರಿಯಲು ಜಾಗವಿರಲಿಲ್ಲ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಕಟಕಟೆಯಿಲ್ಲದ ಬಯಲು, ಮೇಲೆ ಅತ್ತೆಯ ಚಾಚಿದ ಕೈ, ಕೆಳಗೆ ಶರಣಬಸಮ್ಮ ಎತ್ತಿ ಹಿಡಿದ ಬುಟ್ಟಿ.

"ಅತ್ತಿ, ಒಂದೀಟು ನಿಲ್ಲಸ್ರಿ," ಎಂದಳು.

"ನಿಂತರ ಎಲ್ಲಾರೂ ನಿಂದರಬೇಕಾಕ್ಕೈತಿ. ತಗೋ, ಕೊಡು."

ತೆಗೆದುಕೊಂಡಳು, ಕೊಟ್ಟಳು. ಎಷ್ಟು ಹೊತ್ತು ಹಾಗೆ ನಡೆಯಿತೋ, ಒಂದು ಬುಟ್ಟಿಯನ್ನು ಅನ್ನಮ್ಮ ಹಿಡಿದು ಎಳೆದರೆ ಅದು ಬರಲಿಲ್ಲ. ಇನ್ನೊಮ್ಮೆ ಎಳೆದಳು. ಶಿವಗಂಗಾಳ ಬೆರಳುಗಳು ಬುಟ್ಟಿಯ ಅಂಚಿಗೆ ಕೊಕ್ಕೆಯಂತೆ ಸಿಕ್ಕಿಕೊಂಡಿದ್ದವು.

"ಬಿಡ ಹುಡುಗಿ!"

"ಬಿಡಾಕ ಬರವಲ್ದತ್ತಿ. ಬೆರಳು ತೆರೀವಲ್ಲು."

ಹಾಡು ನಿಂತಿತು. ಶರಣಬಸಮ್ಮ ತನ್ನ ಬುಟ್ಟಿ ಇಳಿಸಿ, ಮೇಲೆ ಬಂದು, ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದಳು. ಶಿವಗಂಗಾ ಕಿರುಚಿದಳು. ತೋಳಿನ ಮಾಂಸ ಮುಟ್ಟಿದರೆ ಒಣಗಿದ ಕಟ್ಟಿಗೆಯ ಹಾಗಿತ್ತು. ಇಬ್ಬರು ಹಿಡಿದು ಅವಳನ್ನು ಕೆಳಗಿಳಿಸಿ, ಮರಳಿನ ಗುಡ್ಡೆಯ ಪಕ್ಕ ಕೂರಿಸಿ ಬುಟ್ಟಿಯನ್ನು ಕಷ್ಟಪಟ್ಟು ಬಿಡಿಸಿಕೊಂಡು ಹೋದರು. ಸಾಲು ಮತ್ತೆ ನಡೆಯಿತು. ಅವಳ ಕೈಗಳು ಮಡಿಚಿಕೊಂಡು ಮಡಿಲಿನಲ್ಲಿ ಬಿದ್ದಿದ್ದವು. ಅವನ್ನೇ ನೋಡುತ್ತ ಸಂಜೆಯವರೆಗೆ ಕೂತಿದ್ದಳು.

ಮನೆಗೆ ಬಂದ ಮೇಲೆ ಮೂತ್ರ ಕರಿ ಚಹಾದ ಬಣ್ಣಕ್ಕೆ ಹೋಯಿತು. ಹೆದರಿದಳು. ಆದರೂ ಯಾರಿಗೂ ಹೇಳಲಿಲ್ಲ. ಬೆಳಗಿನಿಂದ ಆದ ರಾದ್ಧಾಂತವೇ ಸಾಕಾಗಿತ್ತು. ಮರುದಿನ ಮುಖ ಊದಿತು, ತಿಂದದ್ದು ನಿಲ್ಲಲಿಲ್ಲ, ಮೂತ್ರವೇ ಬರಲಿಲ್ಲ. ಹುಲಗೇಶ ಕೆಲಸ ಬಿಟ್ಟು ಆಟೋದಲ್ಲಿ ಅವಳನ್ನು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಒಯ್ದ.

ಅಲ್ಲಿ ಅವಳನ್ನು ಮಲಗಿಸಿ ಬಾಟಲಿಯ ಮೇಲೆ ಬಾಟಲಿ ಏರಿಸಿದರು. ಮೊದಲೆರಡು ದಿನ ಯಾರು ಏನು ಹೇಳಿದರೂ ಅವಳಿಗೆ ಅರ್ಥವಾಗಲಿಲ್ಲ. ಒಬ್ಬರು ತೆಲುಗಿನಲ್ಲಿ ಕೇಳುವರು, ಇನ್ನೊಬ್ಬರು ಹಿಂದಿಯಲ್ಲಿ. ಮೂತ್ರ ಬರಲು ಶುರುವಾದ ಮೇಲೆ, ಕನ್ನಡಕ ಹಾಕಿಕೊಂಡ ತರುಣಿಯೊಬ್ಬಳು ಮಂಚದ ಪಕ್ಕ ನಿಂತು, "ಈಗ ಹೇಗಿದೆ? ನೀವು ಕನ್ನಡದವರಂತೆ?" ಎಂದಳು. ಡಾಕ್ಟರ್ ಅಪೂರ್ವ. ಅವಳ ತಂದೆ ಚಿತ್ರದುರ್ಗದ ಕಡೆಯವರು, ಇಲ್ಲಿ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ಇಲ್ಲೇ ಉಳಿದವರು. ಅವಳ ಕನ್ನಡ ಮನೆಯೊಳಗೇ ಬೆಳೆದ ಕನ್ನಡ, ನಡುನಡುವೆ ತಡವರಿಸುತ್ತಿತ್ತು.

"ನಿಮ್ಮ ಸ್ನಾಯು, ಅಂದರೆ ಮಾಂಸ, ಒಡೆದು ರಕ್ತಕ್ಕೆ ಸೇರಿದೆ. ಅದು ಕಿಡ್ನಿಗೆ ಸಿಕ್ಕಿಹಾಕಿಕೊಂಡಿತ್ತು. ಅದಕ್ಕೇ ಮೂತ್ರ ಕಪ್ಪಾಗಿದ್ದು. ಅವತ್ತು ಏನು ಮಾಡಿದ್ರಿ?"

ಶಿವಗಂಗಾ ಹೇಳಿದಳು. ಅಪೂರ್ವ ಕೇಳುತ್ತ ಹೋದಳು: ಇದಕ್ಕೆ ಮುಂಚೆ ಹೀಗಾಗಿತ್ತಾ? ಚಿಕ್ಕವಳಿದ್ದಾಗ? ಕೆಲಸ ಶುರು ಮಾಡಿದ ಕೂಡಲೇ ಹಿಡಿದುಕೊಳ್ಳುತ್ತಾ, ಕೊನೆಗಾ?

"ಶುರುವಿಗೇ ಅಕ್ಕಾರ. ಆಮ್ಯಾಲ..." ಅವಳು ತಡೆದಳು. ಈ ಮಾತು ಹೇಳಿದಾಗಲೆಲ್ಲ ಜನ ನಕ್ಕದ್ದು ನೆನಪಾಯಿತು. "ಆಮ್ಯಾಲ ಸರಿ ಆಕ್ಕೈತ್ರಿ."

ಅಪೂರ್ವ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

"ಇನ್ನೊಂದು ಸಲ ಹೇಳಿ. ನಿಧಾನಕ್ಕೆ. ಆಮೇಲೆ ಹೇಗೆ ಸರಿ ಆಗುತ್ತೆ?"

ಅಷ್ಟು ವರ್ಷದಲ್ಲಿ ಆ ಮಾತನ್ನು ಎರಡನೇ ಸಲ ಹೇಳು ಎಂದವರು ಯಾರೂ ಇರಲಿಲ್ಲ. ಶಿವಗಂಗಾಗೆ ಅಳು ಬಂತು.

ಮೈ ಸುಧಾರಿಸಿ ಕೆಲವು ವಾರಗಳಾದ ಮೇಲೆ ಮತ್ತೆ ಕರೆಸಿ ಪರೀಕ್ಷೆ ಮಾಡಿದರು. ಹುಲಗೇಶ, ಅನ್ನಮ್ಮ ಇಬ್ಬರೂ ಬಂದಿದ್ದರು. ಒಂದು ಕೋಣೆಯಲ್ಲಿ ನಿಂತಲ್ಲೇ ತುಳಿಯುವ ಸೈಕಲ್ಲಿತ್ತು. ಎದೆಗೆ ವೈರು ಅಂಟಿಸಿ, ತೀರಾ ಹಗುರಾಗಿ ತುಳಿಯಲು ಹೇಳಿದರು. ಮುಂದಿದ್ದ ಪರದೆಯ ಮೇಲೆ ಎದೆಬಡಿತದ ಅಂಕಿ ಕಾಣುತ್ತಿತ್ತು.

"ನೋವು ಬಂದರೆ ನಿಲ್ಲಿಸಿ. ಜೋರು ಮಾಡಬೇಡಿ," ಎಂದಳು ಅಪೂರ್ವ.

ಶುರುವಾದ ಸ್ವಲ್ಪ ಹೊತ್ತಿಗೆ ಅಂಕಿ ಏರಿತು, ಏರುತ್ತಲೇ ಹೋಯಿತು. ಶಿವಗಂಗಾಳ ಮುಖ ಕೆಂಪಾಯಿತು, ತೊಡೆ ಕಟ್ಟಿತು. ಖಾಲಿ ಸೈಕಲ್ಲು ತುಳಿದು ಓಡಿ ಬಂದವಳಂತೆ ಏದುಸಿರು ಬಿಡುತ್ತಿದ್ದಳು. ಅನ್ನಮ್ಮ ಸೆರಗು ಬಾಯಿಗಿಟ್ಟುಕೊಂಡು, "ಇಷ್ಟಕ್ಕ?" ಎಂದು ಮಗನ ಕಡೆ ನೋಡಿದಳು. ಅಪೂರ್ವ ಕೈ ಎತ್ತಿ ತಾಳಿ ಎಂದಳು. ಆರೇಳು ನಿಮಿಷ ಕಳೆದಿರಬೇಕು. ಪರದೆಯ ಅಂಕಿ ನಿಂತಿತು. ಆಮೇಲೆ ಇಳಿಯತೊಡಗಿತು. ಸೈಕಲ್ಲಿನ ಭಾರ ಬದಲಾಗಿರಲಿಲ್ಲ, ತುಳಿತದ ವೇಗ ಬದಲಾಗಿರಲಿಲ್ಲ. ಎದೆಬಡಿತ ಮಾತ್ರ ಇಳಿಯುತ್ತ ಬಂದು, ಶಿವಗಂಗಾ ಮಾತಾಡುತ್ತ ತುಳಿಯುವಂತಾದಳು.

"ಬಂತ್ರಿ. ಹದಕ್ಕ ಬಂತು."

"ನೋಡಿ," ಅಪೂರ್ವ ಅನ್ನಮ್ಮನಿಗೆ ಪರದೆ ತೋರಿಸಿದಳು. "ಇದನ್ನ ಬೇಕು ಅಂತ ಯಾರೂ ಮಾಡೋಕಾಗಲ್ಲ, ಅಮ್ಮ. ಎದೆಗೆ ನಾಟಕ ಆಡೋಕೆ ಬರಲ್ಲ."

ಆಮೇಲೆ ಮೂವರನ್ನೂ ಕೂರಿಸಿಕೊಂಡು ಹೇಳಿದಳು. ಮೈ ದುಡಿಯಬೇಕಾದರೆ ಎರಡು ಥರದ ಉರುವಲು ಬೇಕು. ಒಂದು ಸಕ್ಕರೆ, ಒಂದು ಕೊಬ್ಬು. ಊಟದಿಂದ ಬಂದ ಸಕ್ಕರೆಯಲ್ಲಿ ಒಂದಿಷ್ಟನ್ನು ಮಾಂಸ ತನ್ನೊಳಗೇ ಕೂಡಿಟ್ಟುಕೊಂಡಿರುತ್ತದೆ. ಎದ್ದು ಓಡಿದರೆ, ಭಾರ ಎತ್ತಿದರೆ, ಮೊದಲ ಕೆಲವು ನಿಮಿಷ ನಡೆಯುವುದು ಹೆಚ್ಚಾಗಿ ಆ ದಾಸ್ತಾನಿನ ಮೇಲೆ. ಕೊಬ್ಬು ನಿಧಾನಿ. ಅದು ಮೈಯ ಬೇರೆ ಬೇರೆ ಕಡೆಯಿಂದ ಕರಗಿ, ರಕ್ತದಲ್ಲಿ ಬಂದು ಮಾಂಸಕ್ಕೆ ತಲುಪಲು ಹೊತ್ತು ಬೇಕು. ತಲುಪಿದ ಮೇಲೆ ಬಹಳ ಹೊತ್ತು ಸಾಕುತ್ತದೆ. ಪಿತ್ತಜನಕಾಂಗದಿಂದಲೂ ಆ ಹೊತ್ತಿಗೆ ಒಂದಿಷ್ಟು ಸಕ್ಕರೆ ರಕ್ತಕ್ಕೆ ಬಂದಿರುತ್ತದೆ.

"ಎಲ್ಲರಿಗೂ ಹೀಗೇ. ಆದರೆ ನಿಮ್ಮ ಮಾಂಸದೊಳಗೆ ಇರೋ ಸಕ್ಕರೆಯನ್ನ ಒಡೆದು ತೆಗೆಯೋ ವಸ್ತು ನಿಮಗೆ ಹುಟ್ಟಿನಿಂದಲೇ ಇಲ್ಲ. ದಾಸ್ತಾನು ತುಂಬಿದೆ. ತೆಗೆಯೋಕೆ ಬರ್ತಿಲ್ಲ. ಹೊರಗಿನಿಂದ ಉರುವಲು ಬರೋ ತನಕ ನೀವು ಏನೂ ಇಲ್ಲದೆ ದುಡೀತಾ ಇರ್ತೀರಿ."

"ಹಗೇವಿನ ತುಂಬ ಜ್ವಾಳ ಐತಿ, ಬಾಯಿ ಮ್ಯಾಲಿನ ಕಲ್ಲು ಸರಿಯವಲ್ದು ಅಂದಂಗರಿ," ಎಂದಳು ಶಿವಗಂಗಾ.

ಅಪೂರ್ವಗೆ ಹಗೇವು ಗೊತ್ತಿರಲಿಲ್ಲ. ಊರಲ್ಲಿ ನೆಲದೊಳಗೆ ಜೋಳ ತುಂಬಿಡುವ ಗುಂಡಿ ಎಂದು ಹುಲಗೇಶ ಬಿಡಿಸಿ ಹೇಳಿದ. "ಹೌದು, ಸರಿಯಾಗಿ ಹಾಗೇ," ಎಂದಳು. ಕಾಯಿಲೆಗೆ ಮೆಕಾರ್ಡಲ್ ಎಂದು ಹೆಸರಿತ್ತು. ರಕ್ತವನ್ನು ಹೊರಗಿನ ಲ್ಯಾಬಿಗೆ ಪರೀಕ್ಷೆಗೆ ಕಳಿಸಿದ್ದರು, ಅದರಲ್ಲೂ ಅದೇ ಬಂದಿತ್ತು.

"ಗುಳಿಗಿ ಎಷ್ಟು ದಿನ ತಗೋಬೇಕ್ರಿ?" ಎಂದ ಹುಲಗೇಶ.

"ಗುಳಿಗೆ ಇಲ್ಲ." ಅಪೂರ್ವ ಕನ್ನಡಕ ತೆಗೆದು ಒರೆಸಿದಳು. "ಇದು ವಾಸಿ ಆಗಲ್ಲ. ಇದರ ಜೊತೆ ಬದುಕೋದು ಕಲೀಬೇಕು. ದಿನಾ ನಡೀಬೇಕು, ನಿಧಾನಕ್ಕೆ. ಆಗ ಮೈ ಕೊಬ್ಬನ್ನ ಬೇಗ ಬಳಸೋಕೆ ಕಲಿಯುತ್ತೆ. ಹತ್ತಲೇಬೇಕು ಅಂದಾಗ ಸ್ವಲ್ಪ ಮುಂಚೆ ಸಕ್ಕರೆ ನೀರು ಕುಡಿದರೆ ಮೊದಲ ನಿಮಿಷಗಳಿಗೆ ಅನುಕೂಲ. ದಿನವಿಡೀ ಅದನ್ನೇ ಮಾಡಿದರೆ ತೂಕ ಏರಿ ಇನ್ನೊಂದು ತೊಂದರೆ. ಭಾರ ಎತ್ತೋದು, ಗಟ್ಟಿಯಾಗಿ ಹಿಡಿಯೋದು, ಒಮ್ಮೆಲೇ ಓಡೋದು, ಇವು ಬೇಡವೇ ಬೇಡ. ಅವತ್ತಿನ ಥರ ಇನ್ನೊಂದು ಸಲ ಆದರೆ ಕಿಡ್ನಿ ಉಳಿಯುತ್ತೆ ಅಂತ ನಾನು ಹೇಳಲಾರೆ. ಈ ಕೆಲಸ ಬಿಡಿ."

"ಬಿಟ್ಟು?" ಎಂದ ಹುಲಗೇಶ. ಜಗಳಕ್ಕಲ್ಲ, ನಿಜವಾಗಿಯೂ ಕೇಳಿದ. "ಬಿಟ್ಟು ಏನು ಮಾಡೋಣ್ರಿ ಅಕ್ಕಾರ? ನಮ್ಮ ಕೈಯಾಗಿನ ಕೆಲಸ ಎಲ್ಲಾ ಎತ್ತೋದು, ಹಿಡಿಯೋದು, ಹತ್ತೋದ ಐತಿ."

ಅಪೂರ್ವ ತಲೆ ತಗ್ಗಿಸಿದಳು. ಆಮೇಲೆ ಹುಲಗೇಶನ ರಕ್ತ ಪರೀಕ್ಷೆಗೂ ಒಂದು ಚೀಟಿ ಬರೆದುಕೊಟ್ಟಳು.

ಹೊರಗೆ ಬಂದು, ಬಸ್ಸಿಗೆ ನಿಂತಲ್ಲಿ ಅನ್ನಮ್ಮ ಬಾಯಿ ಬಿಟ್ಟಳು.

"ತವರ ಮನಿಂದ ರೋಗ ಹೊತ್ಗೊಂಡು ಬಂದಾಳ. ಹೇಳದ ಕೇಳದ ನಮಗ ಕಟ್ಟಿದ್ರು."

ಹುಲಗೇಶ ತಾಯಿಗೆ ಎದುರಾಡಿದವನಲ್ಲ. "ಯವ್ವಾ," ಎಂದ. "ಆಕಿ ತವರ ಮನಿ ಯಾವುದು? ನೀ ಹುಟ್ಟಿದ ಮನಿನ ಹೌದಲ್ಲೋ? ಆಕಿ ಅಪ್ಪ ನಿನ್ನ ಒಡಹುಟ್ಟಿದ ತಮ್ಮ. ತಾಯಿ ತಂದಿ ಇಬ್ಬರ ಕಡಿಂದಲೂ ಬಂದರ ಮಾತ್ರ ಇದು ಕಾಣಸ್ತೈತಿ ಅಂದ್ರು ಡಾಕ್ಟರು. ನಿನ್ನ ಮೈಯಾಗೂ ಇರಬಹುದು, ನನ್ನ ಮೈಯಾಗೂ ಇರಬಹುದು. ನಂದೂ ರಕ್ತ ನೋಡಬೇಕಂತ, ಮಕ್ಕಳಾಗೋಕಿಂತ ಮುಂಚೆ."

ಬಸ್ಸಿನಲ್ಲಿ ಅನ್ನಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಕೋಣೆಯಲ್ಲಿ ಆಮೇಲಿನ ದಿನಗಳು ಶಿವಗಂಗಾಗೆ ಮೆಟ್ಟಿಲಿಗಿಂತ ಕಷ್ಟವಾದವು. ಬೆಳಿಗ್ಗೆ ಇಬ್ಬರೂ ಬುತ್ತಿ ಕಟ್ಟಿಕೊಂಡು ಹೋದರೆ ಅವಳು, ಒಂದು ಕಿಟಕಿ, ಕಿಟಕಿಯಾಚೆ ಕಾರ್ಖಾನೆಯ ತಗಡಿನ ಗೋಡೆ. ಒಳಗೆ ಯಂತ್ರಗಳು ದಡದಡ ಬಡಿಯುವುದು ಇಡೀ ದಿನ ಕೇಳುತ್ತಿತ್ತು. ಹಿಟ್ಟು ನಾದಲು ಕೂತರೂ ಮುಂಗೈ ಬಿಗಿಯುವುದು. ಬಿಟ್ಟು ಬಿಟ್ಟು ನಾದಬೇಕು. ಮೊದಲಾದರೆ ತಾನು ಮೈಗಳ್ಳಿಯೆಂದು ಒಪ್ಪಿಕೊಂಡು, ನಾಳೆ ಇನ್ನೂ ಜೋರಾಗಿ ದಬ್ಬೋಣ ಎಂದುಕೊಳ್ಳಬಹುದಿತ್ತು. ಈಗ ದಬ್ಬುವ ಹಾಗೂ ಇಲ್ಲ. ನಿಜ ತಿಳಿದ ಮೇಲೆ ಗೋಡೆ ಇನ್ನೂ ಹತ್ತಿರ ಬಂದಿತ್ತು.

ಅನ್ನಮ್ಮ ಬೈಯುವುದನ್ನು ಬಿಟ್ಟಿದ್ದಳು. ಬದಲಿಗೆ ಪಕ್ಕದ ಮನೆಯವಳ ಹತ್ತಿರ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳು. "ಸ್ವಲ್ಪ ದಿನ ಊರಿಗೆ ಕಳಸ್ತೀವಿ" ಎನ್ನುವುದು ಕೇಳಿತು. ಆಮೇಲೆ, "ಸಂಬಂಧ ಅಲ್ಲದ ಕಡೆ ಇನ್ನೊಂದು ಹೆಣ್ಣು ನೋಡಿದ್ರ..." ಎಂದು ಅರ್ಧಕ್ಕೆ ನಿಂತದ್ದೂ ಕೇಳಿತು.

ಆ ಭಾನುವಾರ ಹುಲಗೇಶ ಅವಳ ಸೀರೆಗಳನ್ನು ಚೀಲಕ್ಕೆ ತುಂಬಿದ.

"ಆರಾಮ ಆಗೂತನ ಮಾವನ ಹತ್ರ ಇರು."

"ಆರಾಮ ಆಗಂಗಿಲ್ಲ ಅಂದಾರಲ್ರಿ."

ಅವನು ಚೀಲದ ಬಾಯಿ ಕಟ್ಟುತ್ತ ಕೂತ.

ಇಮ್ಲಿಬನ್ ಬಸ್‌ಸ್ಟ್ಯಾಂಡಿನಲ್ಲಿ ಸುರಪುರದ ಬಸ್ಸು ನಿಂತಿತ್ತು. ಹುಲಗೇಶ ಅವಳನ್ನು ಕಿಟಕಿಯ ಪಕ್ಕ ಕೂರಿಸಿ, ಚೀಲ ಕಾಲ ಬಳಿ ಇಟ್ಟು, ಬಾಳೆಹಣ್ಣು ತಂದುಕೊಟ್ಟು, ಕಿಟಕಿಯ ಕೆಳಗೆ ನಿಂತ. ಬಸ್ಸಿನೊಳಗೆಲ್ಲ ಊರಿನ ಮಾತು. ಯಾರೋ ಹತ್ತಿ ಬಿಡಿಸುವ ಕೂಲಿ ಈ ಸಲ ಹೇಗಿದೆ ಎಂದು ಕೇಳುತ್ತಿದ್ದರು. ಶಿವಗಂಗಾ ಅದನ್ನು ಕೇಳುತ್ತ, ತಾನು ಹೋಗಿ ಇಳಿಯುವುದನ್ನು ಕಣ್ಣಿಗೆ ತಂದುಕೊಂಡಳು. ಅಪ್ಪ ಏನೂ ಅನ್ನುವುದಿಲ್ಲ. ಅಣ್ಣನ ಹೆಂಡತಿ ಎರಡು ವಾರ ಸುಮ್ಮನಿರುತ್ತಾಳೆ. ಆಮೇಲೆ ಕೊಡ ಕೈಗೆ ಬರುತ್ತದೆ. ಆಮೇಲೆ ಇಲ್ಲಿಂದ ಫೋನು ಬರುವುದು ಕಡಿಮೆಯಾಗುತ್ತದೆ. ಬಾಗಿಲು ಮುಚ್ಚಿ ಕಂಡಕ್ಟರ್ ಸೀಟಿ ಊದಿದರೆ ತೀರಿತು. ತಾನು ಮತ್ತೆ ಈ ಕಡೆ ಬರುವುದಿಲ್ಲ.

ಡ್ರೈವರ್ ಹತ್ತಿ ಕೂತ. ಅವಳು ಎದ್ದಳು. ಚೀಲ ಎತ್ತದೆ ಎಳೆದುಕೊಂಡೇ ಬಾಗಿಲಿಗೆ ಬಂದಳು.

"ಯಾಕ? ಏನಾತು?" ಹುಲಗೇಶ ಓಡಿ ಬಂದ.

"ನಾ ಹೋಗಂಗಿಲ್ರಿ."

"ಗಂಗಾ, ಜನ ನೋಡಾಕತ್ತಾರ."

"ನೋಡ್ಲಿ. ನನಗ ಹೊಲದಾಗೂ ಎತ್ತಾಕ ಆಗಂಗಿಲ್ಲ, ಇಲ್ಲೂ ಎತ್ತಾಕ ಆಗಂಗಿಲ್ಲ. ಅಲ್ಲಿ ನೀವು ಇರಂಗಿಲ್ಲ. ಇಷ್ಟ ಫರಕು." ಅವಳು ಚೀಲ ಎಳೆದುಕೊಂಡು ಕೆಳಗಿಳಿದಳು. "ಬ್ಯಾಡ ಅಂತ ಇದ್ರ ಈಗ ಹೇಳಿಬಿಡ್ರಿ. ಊರಿಗೆ ಕಳಿಸಿ ಆಮ್ಯಾಲ ಹೇಳಬ್ಯಾಡ್ರಿ."

ಬಸ್ಸು ಹಿಂದಕ್ಕೆ ಸರಿದು, ತಿರುಗಿ ಹೊರಟುಹೋಯಿತು. ಅದು ಕಾಣದಾಗುವವರೆಗೆ ಹುಲಗೇಶ ಅದನ್ನೇ ನೋಡಿದ. ಆಮೇಲೆ ಬಗ್ಗಿ ಚೀಲ ಎತ್ತಿಕೊಂಡ.

"ಈಗ ಎಲ್ಲಿಗೆ?"

"ಸೈಟಿಗೆ. ಮೇಸ್ತ್ರಿ ಇವತ್ತೂ ಇರತಾನಲ್ಲ? ನಾ ಮಾತಾಡ್ತೀನಿ. ನಡಕೊಂಡು ಹೋಗೋಣು."

ಮೂಸಿ ನದಿಯ ಸೇತುವೆ ದಾಟುವುದರೊಳಗೆ ಕಾಲು ಹಿಡಿಯಿತು. ಅವಳು ನಿಂತಳು. ಹುಲಗೇಶ ವಾಡಿಕೆಯಂತೆ ನಾಲ್ಕು ಹೆಜ್ಜೆ ಮುಂದೆ ಹೋಗಿಬಿಟ್ಟಿದ್ದ. ತಿರುಗಿ ನೋಡಿ ಹಿಂದಕ್ಕೆ ಬಂದ.

"ಆಟೋ ಹಿಡೀಲೇನು?"

"ಬ್ಯಾಡ. ನಿಂದರ್ರಿ. ಅಷ್ಟ."

ನಿಂತರು. ಪಕ್ಕದಲ್ಲಿ ಬಸ್ಸು, ಆಟೋ ಹೊಗೆ ಬಿಡುತ್ತ ಹೋದವು. ಅವಳು ಮತ್ತೆ ನಡೆದಳು, ಕೋಠಿಯ ಹತ್ತಿರ ಮತ್ತೆ ನಿಂತಳು. ಹುಲಗೇಶನಿಗೆ ಸುಮ್ಮನೆ ನಿಂತು ಅಭ್ಯಾಸವಿರಲಿಲ್ಲ. ಚೀಲ ಈ ಕೈಯಿಂದ ಆ ಕೈಗೆ ಮಾಡಿದ, ಅಂಗಡಿ ಬೋರ್ಡು ನೋಡಿದ, ಅವಳ ಮುಖ ನೋಡಿದ. ನೋವು ಬಂದು ಆ ಮುಖ ಬಿಗಿಯುವುದನ್ನು, ಮತ್ತೆ ಸಡಿಲುವುದನ್ನು ಅವನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಪ್ರತಿ ದಿನ ಹಿಂಗೇನು?" ಎಂದ.

"ಪ್ರತಿ ದಿನ."

ಮುಂದಿನ ಗಲ್ಲಿ ದಾಟುವಾಗ ಅವಳ ಹೆಜ್ಜೆ ಹಗುರಾಯಿತು. ಅವಳು ಹೇಳಲಿಲ್ಲ, ಆದರೆ ಅವನಿಗೆ ತಿಳಿಯಿತು.

ವೈಜನಾಥ ಚಹಾ ಕುಡಿಯುತ್ತ ಇಟ್ಟಿಗೆಯ ಮೇಲೆ ಕೂತಿದ್ದ. ಶಿವಗಂಗಾ ಎದುರಿಗೆ ನಿಂತು, ತಾನು ಬುಟ್ಟಿ ಹೊರುವುದಿಲ್ಲ, ಸಾಲಿನಲ್ಲಿ ನಿಲ್ಲುವುದಿಲ್ಲ, ಹೊಸ ಗೋಡೆ, ಸ್ಲ್ಯಾಬು ಗಟ್ಟಿಯಾಗಲೆಂದು ನೀರು ಬಿಡುವ ಕೆಲಸ ಕೊಟ್ಟರೆ ಮಾಡುತ್ತೇನೆ ಎಂದಳು. ಅದು ಕೈಲಾಗದ ಮುದುಕರಿಗೆ ಕೊಡುವ ಕೆಲಸ. ಪೈಪು ಹಿಡಿದು ಅಂತಸ್ತಿನಿಂದ ಅಂತಸ್ತಿಗೆ ನಿಧಾನಕ್ಕೆ ತಿರುಗಬೇಕು. ಕೂಲಿ ಕಡಿಮೆ.

"ಮೈಗಳ್ಳತನಕ್ಕ ಹೊಸಾ ಹೆಸರು ತಂದೀಯೇನು ದವಾಖಾನಿಂದ?" ಎಂದ ವೈಜನಾಥ.

ಶಿವಗಂಗಾ ಬಾಯಿ ತೆರೆಯುವ ಮುಂಚೆ ಹುಲಗೇಶ ಚೀಲ ಕೆಳಗಿಟ್ಟ. "ಆಕಿಗೆ ಹಂಗ ಅನಬ್ಯಾಡ ಮೇಸ್ತ್ರಿ," ಎಂದ. ದನಿ ಏರಿಸಲಿಲ್ಲ. ವೈಜನಾಥ ಅವನನ್ನೂ ಅವಳನ್ನೂ ನೋಡಿ, ಲೋಟದಲ್ಲಿ ಉಳಿದ ಚಹಾ ಚೆಲ್ಲಿ, "ನಾಳಿ ಬಾ. ಆದ್ರ ಬಿಲ್ಡಿಂಗ್ ಮುಗಿಯೋತನ ಅಷ್ಟ" ಎಂದ.

ಹಾಸ್ಟೆಲ್ ಮುಗಿಯಲು ಇನ್ನೂ ತಿಂಗಳುಗಳಿವೆ. ಆಮೇಲೆ ಏನೆಂದು ಅವಳಿಗೆ ಗೊತ್ತಿಲ್ಲ. ಹುಲಗೇಶ ರಕ್ತ ಕೊಡಲು ಇನ್ನೂ ಹೋಗಿಲ್ಲ. ಕೇಳಿದರೆ ಮುಂದಿನ ವಾರ ಎನ್ನುತ್ತಾನೆ. ಅವಳನ್ನು ವಾಪಸ್ಸು ಕರೆತಂದ ದಿನದಿಂದ ಅನ್ನಮ್ಮ ಸೊಸೆಯೊಂದಿಗೆ ಮಾತು ಕಡಿಮೆ ಮಾಡಿದ್ದಾಳೆ. ಆದರೆ ಒಂದು ಬೆಳಿಗ್ಗೆ, ಬಸ್ಸಿಳಿದು ಗಲ್ಲಿಯಲ್ಲಿ ಹೋಗುವಾಗ, ಶಿವಗಂಗಾ ಎಂದಿನಂತೆ ಲೈಟಿನ ಕಂಬ ಹಿಡಿದು ನಿಂ​ತಳು. ಮುಂದೆ ಹೋಗಿದ್ದ ಅನ್ನಮ್ಮ ತಿರುಗಿ ನೋಡಿದಳು. ಬೈಯಲಿಲ್ಲ, ಬರಲೂ ಇಲ್ಲ. ಅಲ್ಲೇ ಒಂದು ಮನೆಯ ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆಯ ಚೀಲ ಬಿಚ್ಚಿ, ಎಲೆಗೆ ಸುಣ್ಣ ಹಚ್ಚತೊಡಗಿದಳು.